ಒಂದೇ ಬಾಗಿಲಲ್ಲಿ ಎರಡು ರಕ್ಷಣೆ

ಗರ್ಭನಿರೋಧಕ ಚುಚ್ಚುಮದ್ದಿನಿಂದ ಎಚ್‌ಐವಿ ಸೋಂಕಿನ ಅಪಾಯ ಹೆಚ್ಚುವುದೇ ಎಂಬ ಸಂಶಯ ಬಹುಕಾಲ ವೈದ್ಯಲೋಕವನ್ನು ಕಾಡಿತ್ತು. ಅದರ ನಿವಾರಣೆಗಾಗಿ ದಕ್ಷಿಣ ಆಫ್ರಿಕಾ, ಕೀನ್ಯಾ, ಜಾಂಬಿಯಾ ಹಾಗೂ ಎಸ್ವಾಟಿನಿ ದೇಶಗಳ 7,829 ಮಹಿಳೆಯರನ್ನೊಳಗೊಂಡ ‘ಎಕೋ’ ಅಧ್ಯಯನ ನಡೆಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶ ಸಮಾಧಾನಕರವಾಗಿತ್ತು: ಚುಚ್ಚುಮದ್ದು, ತಾಮ್ರದ ವಂಕಿ, ತೋಳಿನ ಇಂಪ್ಲಾಂಟ್ ಈ ಮೂರರ ನಡುವೆ ಸೋಂಕಿನ ಅಪಾಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿ ಕಳವಳಕಾರಿ. ಆ ಅವಧಿಯಲ್ಲಿ 397 ಮಹಿಳೆಯರಿಗೆ ಹೊಸದಾಗಿ ಸೋಂಕು ತಗಲಿತು. ಅಂದರೆ ವರ್ಷಕ್ಕೆ ನೂರರಲ್ಲಿ ಸುಮಾರು ನಾಲ್ವರಿಗೆ. ಇವರು ಆಸ್ಪತ್ರೆಯಿಂದ ದೂರವಿದ್ದವರಲ್ಲ. ಸಲಹೆಯನ್ನೂ ಕಾಂಡೋಮನ್ನೂ ಪಡೆಯುತ್ತಿದ್ದವರೇ. ಕಾಂಡೋಮ್ ಬಳಕೆಗೆ ಸಂಗಾತಿಯ ಒಪ್ಪಿಗೆ ಬೇಕು. ಸೋಂಕು ತಡೆಯುವ ಪ್ರೆಪ್ ಮಾತ್ರೆಯಾದರೋ ಸ್ತ್ರೀಯ ಕೈಯಲ್ಲಿಯೇ ಇರುವ ರಕ್ಷಣೆ. ಅದು ಗರ್ಭನಿರೋಧಕದ ಜೊತೆಗೇ ದೊರೆಯಬೇಕು.

ಈಗಾಗಲೇ ಸೋಂಕಿತಳಾದವಳಿಗೂ ಈ ಜೋಡಣೆ ಅಗತ್ಯ. ಎಫಾವಿರೆಂಜ್ ಎಂಬ ಎಚ್‌ಐವಿ ಔಷಧಿಯು ಇಂಪ್ಲಾಂಟಿನ ಶಕ್ತಿಯನ್ನು ಕುಗ್ಗಿಸುತ್ತದೆ. ಒಬ್ಬ ವೈದ್ಯರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯದಿದ್ದರೆ, ನಂಬಿಕೆಯಿಂದ ನಿಶ್ಚಿಂತಳಾಗಿದ್ದ ತಾಯಿಗೆ ಬಯಸದ ಗರ್ಭ ನಿಲ್ಲಬಹುದು. ತಪ್ಪು ಆಕೆಯದಲ್ಲ, ವ್ಯವಸ್ಥೆಯದು.

ಇದು ದೂರದೇಶದ ಮಾತೆಂದು ನಾವು ಸುಮ್ಮನಿರಲಾಗದು. ಅದೇ ಚುಚ್ಚುಮದ್ದು ‘ಅಂತರಾ’ ಎಂಬ ಹೆಸರಿನಿಂದ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಉಚಿತವಾಗಿ ಲಭ್ಯವಿದೆ. ಅದು ಗರ್ಭವನ್ನು ತಡೆಯುತ್ತದೆಯೇ ಹೊರತು ಸೋಂಕನ್ನಲ್ಲ. ಈ ಒಂದು ವಾಕ್ಯವನ್ನು ಚುಚ್ಚುಮದ್ದು ನೀಡುವಾಗಲೇ ಹೇಳಬೇಕು. ಬಯಸಿದವರಿಗೆ ಅಲ್ಲಿಯೇ ಗೋಪ್ಯವಾಗಿ ರಕ್ತಪರೀಕ್ಷೆಯೂ ಆಗಬೇಕು. ಸಂಕೋಚವನ್ನು ಅದುಮಿಕೊಂಡು ಒಮ್ಮೆ ಆಸ್ಪತ್ರೆಯ ಮೆಟ್ಟಿಲೇರಿದ ಹೆಣ್ಣುಮಗಳನ್ನು ಮತ್ತೊಂದು ಬಾಗಿಲಿಗೆ ಅಟ್ಟುವುದು ಸೇವೆಯೆನಿಸದು.