ಮನಸ್ಸಿದ್ದರೂ ಮಾರ್ಗವಿಲ್ಲ

‘ಬುದ್ಧಿವಂತೆ. ಆದರೆ ಉದಾಸೀನ ಹೆಚ್ಚು. ಮನಸ್ಸು ಮಾಡಿದರೆ ಮೊದಲ ಸ್ಥಾನ ಬರಬಲ್ಲಳು.’ ನನ್ನ 7ನೇ ತರಗತಿಯ ಅಂಕಪಟ್ಟಿಯ ಹಿಂಬದಿಯಲ್ಲಿರುವ ಷರಾ ಇದು. 8ರಲ್ಲೂ ಹೆಚ್ಚುಕಡಿಮೆ ಇದೇ, 9ರಲ್ಲೂ ಇದೇ. ಕೈಬರಹ ಮಾತ್ರ ಬೇರೆ. ನನಗೆ 34 ವರ್ಷವಾದಾಗ ಮನೋವೈದ್ಯರೊಬ್ಬರು “ಶಾಲೆಯ ಹಳೇ ದಾಖಲೆ ಏನಾದ್ರೂ ಇದ್ರೆ ತನ್ನಿ” ಅಂದರು. ಅಮ್ಮನ ಟ್ರಂಕಿನಿಂದ ಹುಡುಕಿ ಒಯ್ದದ್ದು ಈ ಅಂಕಪಟ್ಟಿಗಳನ್ನೇ. ಅಷ್ಟು ಕಾಲ ನನ್ನ ಮೇಲಿನ ದೂರಾಗಿದ್ದ ಸಾಲುಗಳು ಅವರ ಮೇಜಿನ ಮೇಲೆ ನನ್ನ ಪರ ಸಾಕ್ಷಿಯಾದವು. ಎಡಿಎಚ್‌ಡಿ ಅಂದರು.

ಇದನ್ನು ಈಗ ಬರೆಯಲು ಕಾರಣ ಬೇರೆ. ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಕಳೆದ ತಿಂಗಳು ಅಂತಿಮ ಬಿಎ ಹುಡುಗನೊಬ್ಬನ ಮಾತು ಬಂತು. ಪ್ರಾಜೆಕ್ಟ್ ಕೊಟ್ಟಿಲ್ಲ, ಮೂರು ಸಲ ಗಡುವು ತಪ್ಪಿದೆ. “ಎಡಿಎಚ್‌ಡಿ ಅಂತೆ. ನಮ್ಮ ಕಾಲದಲ್ಲಿ ಎರಡು ಬಿಟ್ರೆ ವಾಸಿಯಾಗೋದು” ಎಂದರು ಹಿರಿಯರೊಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತು ಆಡಬೇಕಿದ್ದ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ಮೊದಲ ತಕರಾರು ಹೆಸರಿನ ಮೇಲೆ. ‘ಗಮನದ ಕೊರತೆ’ ಎಂದು ಕನ್ನಡದಲ್ಲಿ ಹೇಳುತ್ತೇವೆ. ಕೊರತೆ ಎಂದ ಕೂಡಲೇ ಮುಂದಿನ ವಾದ ಸಿದ್ಧವಾಗಿರುತ್ತದೆ: “ಕಾದಂಬರಿ ಹಿಡಿದರೆ ಊಟ ಬಿಟ್ಟು ಓದ್ತಾಳೆ, ಅರ್ಜಿ ತುಂಬೋಕೆ ಮಾತ್ರ ಆಗಲ್ಲ. ಬೇಕಾದ್ದಕ್ಕೆ ಗಮನ ಎಲ್ಲಿಂದ ಬರುತ್ತೆ?” ಈ ಪ್ರಶ್ನೆಯನ್ನು ಅಮ್ಮ ಕೇಳಿದ್ದಾಳೆ, ಗಂಡ ಕೇಳಿದ್ದಾರೆ, ನನಗೆ ನಾನೇ ಕೇಳಿಕೊಂಡಿದ್ದೇನೆ. ಉತ್ತರ ಇಷ್ಟೇ: ಇದು ನೀರಿಲ್ಲದ ಬಾವಿಯಲ್ಲ. ನೀರಿದೆ, ಹಗ್ಗ ನನ್ನ ಕೈಯಲ್ಲಿಲ್ಲ. ಆಸಕ್ತಿ, ಹೊಸತನ ಅಥವಾ ತಲೆಯ ಮೇಲೆ ಬಂದು ಕೂತ ಗಡುವು ಹಗ್ಗ ಎಳೆದರೆ ಕೊಡ ತುಂಬುತ್ತದೆ. ‘ಇದು ಮುಖ್ಯ’ ಎಂಬ ತಿಳಿವಳಿಕೆಯೊಂದೇ ಎಳೆದರೆ ಕೊಡ ಮೇಲೆ ಬರುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ರಸೆಲ್ ಬಾರ್ಕ್ಲಿ ಇದನ್ನು ತನ್ನನ್ನು ತಾನು ನಡೆಸಿಕೊಳ್ಳುವ ಶಕ್ತಿಯ ತೊಡಕು ಎಂದು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಏನು ಮಾಡಬೇಕೆಂದು ಗೊತ್ತಿಲ್ಲದ್ದು ತೊಂದರೆಯಲ್ಲ, ಗೊತ್ತಿರುವುದನ್ನು ಆ ಹೊತ್ತಿಗೆ ಮಾಡಲಾಗದ್ದು ತೊಂದರೆ.

ಎರಡನೆಯ ತಕರಾರು ಇನ್ನೂ ದೊಡ್ಡದು. ವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿಯಲ್ಲಿ ಇದಕ್ಕೆ 18 ಲಕ್ಷಣಗಳಿವೆ. ಒಮ್ಮೆ ಓದಿ ನೋಡಿ. ಕೂತಿರಬೇಕಾದ ಕಡೆ ಎದ್ದು ಹೋಗುವುದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರಿಸುವುದು, ಸರದಿಗೆ ಕಾಯಲಾಗದಿರುವುದು, ನೇರವಾಗಿ ಮಾತಾಡಿಸಿದಾಗಲೂ ಕೇಳಿಸಿಕೊಳ್ಳದಂತೆ ‘ತೋರುವುದು’. ತೋರುವುದು ಯಾರಿಗೆ? ಎದುರು ನಿಂತವರಿಗೆ. ಪಟ್ಟಿಯ ಬಹುಪಾಲು ಇರುವುದು ನೋಡುವವರ ಕಣ್ಣಿನಿಂದ, ಅದೂ ಕಿರಿಕಿರಿಗೊಂಡ ಕಣ್ಣಿನಿಂದ. ಇದು ಹಳೆಯ ಚಾಳಿ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಾಗ ಅದನ್ನು ನೈತಿಕ ಹತೋಟಿಯ ದೋಷ ಎಂದು ಕರೆದ. 1968ರ ಡಿಎಸ್‌ಎಂನಲ್ಲಿ ಅದು ಬಾಲ್ಯದ ಅತಿಚಟುವಟಿಕೆಯ ಕಾಯಿಲೆಯಾಯಿತು. ಗಮನದ ಮಾತು ಹೆಸರಿಗೆ ಸೇರಿದ್ದು 1980ರಲ್ಲಿ. ಮೊದಲು ಗುಣ, ಆಮೇಲೆ ಕುಣಿತ, ಅದಾದ ಮೇಲೆ ಗಮನ. ಒಳಗಿರುವವರ ಅನುಭವ ಇನ್ನೂ ಬಾಗಿಲ ಹೊರಗೇ ನಿಂತಿದೆ.

ಪಟ್ಟಿಯನ್ನು ತೂರಿ ಎಸೆಯಿರಿ ಎನ್ನುತ್ತಿಲ್ಲ, ನನಗೆ ಉತ್ತರ ಸಿಕ್ಕಿದ್ದೂ ಅದರಿಂದಲೇ. ಆದರೆ ಬೇರೆಯವರಿಗೆ ತೊಂದರೆ ಕೊಡದವರು ಅದರ ಬಲೆಗೆ ಸುಲಭವಾಗಿ ಬೀಳುವುದಿಲ್ಲ. ಬೆಂಚು ಹತ್ತಿ ಕುಣಿಯುವ ಹುಡುಗ ಒಂದು ದಿನ ವೈದ್ಯರ ಬಳಿ ತಲುಪುತ್ತಾನೆ. ಕಿಟಕಿ ಪಕ್ಕ ಸುಮ್ಮನೆ ಕೂತ ಹುಡುಗಿ ‘ಒಳ್ಳೆ ಮಗು, ಸ್ವಲ್ಪ ಮರೆವು’ ಎನಿಸಿಕೊಂಡು ಮದುವೆಯಾಗಿ ಹೋಗುತ್ತಾಳೆ. ಮಕ್ಕಳಲ್ಲಿ ಈ ರೋಗನಿರ್ಣಯ ಗಂಡುಮಕ್ಕಳಿಗೇ ಹೆಚ್ಚು; ದೊಡ್ಡವರಲ್ಲಿ ಅಂತರ ಕಿರಿದಾಗುತ್ತದೆ. ಹೆಣ್ಣುಮಕ್ಕಳಿಗೆ ಅದು ನಡುವೆ ಎಲ್ಲಿಂದಲೋ ಬಂದು ಅಂಟಿಕೊಳ್ಳಲಿಲ್ಲ. ಕಾಣಲು ತಡವಾಯಿತು, ಅಷ್ಟೆ.

ಕಾಣದೆ ಉಳಿಯುವುದು ಏನು? ಹೊತ್ತು. ನನ್ನ ಮಟ್ಟಿಗೆ ಹೊತ್ತಿಗೆ ಎರಡೇ ಹೆಸರು: ‘ಈಗ’ ಮತ್ತು ‘ಈಗಲ್ಲ’. ಮುಂದಿನ ಗುರುವಾರವೂ ಮುಂದಿನ ವರ್ಷವೂ ಒಂದೇ ದೂರದಲ್ಲಿರುತ್ತವೆ, ಗುರುವಾರ ಬೆಳಿಗ್ಗೆಯವರೆಗೆ. ಒಲೆ ಮೇಲೆ ಹಾಲಿಟ್ಟು ಒಳಕೋಣೆಗೆ ಹೋಗುವಷ್ಟರಲ್ಲಿ ಹಾಲು ಜಗತ್ತಿನಲ್ಲೇ ಇರುವುದಿಲ್ಲ, ಸೀದ ವಾಸನೆ ಬರುವ ತನಕ. ಕೆಲಸ ಶುರು ಮಾಡುವ ಮುನ್ನ ಒಂದು ಗೋಡೆ. ಮಂಚದ ಮೇಲೆ ಕೂತು ಫೋನ್ ಒತ್ತುತ್ತಿರುವ ನನ್ನನ್ನು ನೋಡಿದವರಿಗೆ ಆರಾಮ ಕಾಣುತ್ತದೆ. ಒಳಗೆ ‘ಏಳು, ಏಳು’ ಎಂದು ಎರಡು ಗಂಟೆಯಿಂದ ಕೂಗುತ್ತಿರುವ ದನಿ ಕೇಳುವುದಿಲ್ಲ. ಸೋಮಾರಿಗೆ ಸೋಮಾರಿತನದಲ್ಲಿ ಸುಖವಾದರೂ ಇರುತ್ತದಲ್ಲ!

ಇವೆಲ್ಲದರ ಕೆಳಗೆ ನಾಚಿಕೆ. ಅದು ಕಾಯಿಲೆಯ ಜೊತೆ ಹುಟ್ಟಿದ್ದಲ್ಲ, ನಾವು ಸುರಿದದ್ದು. ಉಡಾಫೆ, ಬೇಜವಾಬ್ದಾರಿ, ಮೈಗಳ್ಳತನ... ಕನ್ನಡದಲ್ಲಿ ಇದಕ್ಕೆ ಎಷ್ಟೊಂದು ಪದಗಳು! ಎಲ್ಲವೂ ಬೈಗುಳವೇ. ‘ಮನಸ್ಸಿದ್ದರೆ ಮಾರ್ಗ’ ಎಂಬ ಗಾದೆಯಂತೂ ನಮ್ಮಂಥವರ ಬೆನ್ನಿಗೆ ಬಿದ್ದ ಬಾರುಕೋಲು. ಮಾರ್ಗ ಕಾಣದಿದ್ದರೆ ಮನಸ್ಸೇ ಇರಲಿಲ್ಲ ಎಂದು ಅದರ ತೀರ್ಪು.

“ಮರೆವು ಯಾರಿಗಿಲ್ಲ? ಎಲ್ಲ ಮೊಬೈಲಿನ ಪ್ರಭಾವ” ಎನ್ನುವವರಿಗೆ: ಕೆಮ್ಮು ಎಲ್ಲರಿಗೂ ಬರುತ್ತದೆ, ಅಷ್ಟಕ್ಕೆ ಕ್ಷಯ ಸುಳ್ಳಾಗುವುದಿಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದಿರಬೇಕು, ಮನೆ, ಶಾಲೆ, ಕೆಲಸ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಬದುಕನ್ನು ಕೆಡಿಸಿರಬೇಕು ಎಂಬುದು ರೋಗನಿರ್ಣಯದ ಷರತ್ತು. ಅವಳಿ ಮಕ್ಕಳ ಅಧ್ಯಯನಗಳು ಇದರಲ್ಲಿ ವಂಶವಾಹಿಯ ಪಾಲು ಶೇ. 70ಕ್ಕೂ ಹೆಚ್ಚು ಎನ್ನುತ್ತವೆ. ನಮ್ಮಪ್ಪ ಮೊಬೈಲ್ ಕಂಡವರಲ್ಲ. ಅವರು ಹೋದ ಮೇಲೆ ಅಟ್ಟದಿಂದ ಬಿಚ್ಚಿಟ್ಟು ಜೋಡಿಸದ ಮೂರು ರೇಡಿಯೋ ಇಳಿಸಿದೆವು.

ಸಾಹಿತ್ಯದ ಗೆಳೆಯರಿಗೆ ಬೇರೆ ಜಗಳ ಇದೆ. “ಅದು ವರ ಕಣ್ರೀ, ಪ್ರತಿಭೆ ಇರೋರೆಲ್ಲ ಹಾಗೇ” ಎನ್ನುತ್ತಾರೆ. ಬರೆದು ಮುಗಿಸಿದವರನ್ನು ನೋಡಿ ಆಡುವ ಮಾತಿದು. ಮುಗಿಸದವರ ಹೆಸರು ಅವರಿಗೆ ಗೊತ್ತಿರುವುದಿಲ್ಲ. ನನ್ನ ಪಿಎಚ್‌ಡಿಯ ಐದು ಅಧ್ಯಾಯಗಳಲ್ಲಿ ನಾಲ್ಕು ಮುಗಿದು ಆರು ವರ್ಷವಾಯಿತು. ಇಂಥ ವರವನ್ನು ಯಾವ ದೇವರು ಕೊಟ್ಟನೋ, ವಾಪಸ್ ತೆಗೆದುಕೊಂಡರೆ ಹಣ್ಣುಕಾಯಿ ಮಾಡಿಸುತ್ತೇನೆ.

ಕಾನೂನೂ ಮೇಲ್ಪದರವನ್ನೇ ನೋಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿಗೆ ಪ್ರತ್ಯೇಕ ಹೆಸರಿಲ್ಲ. ಹಾಗಾಗಿ ಆ ಹುಡುಗನ ಚೀಟಿಗೆ ಕಾಲೇಜು ಕಚೇರಿಯಲ್ಲಿ ಬೆಲೆಯಿಲ್ಲ. ಎಲ್ಲವೂ ಮೇಷ್ಟ್ರ ಮರ್ಜಿ. ಆ ಮೇಷ್ಟ್ರು ಸ್ಟಾಫ್‌ರೂಮಿನಲ್ಲಿ ನಗುತ್ತಾ ಕೂತಿರುತ್ತಾರೆ.

ಹುಡುಗನನ್ನು ಕರೆದು ಕೇಳಿದೆ. ಪ್ರಾಜೆಕ್ಟ್ ಬರೆದಾಗಿತ್ತು, ಅದೂ ಬೇಕಾದ್ದಕ್ಕಿಂತ ಎರಡು ಪಟ್ಟು. ಮುಖಪುಟ, ಪರಿವಿಡಿ ಮಾಡಿ ಪ್ರಿಂಟ್ ತೆಗೆಸುವುದು ಬಾಕಿ. “ಅಷ್ಟೇ ಬಾಕಿ ಇರೋದು ಅಂತ ಹೇಳೋಕೆ ನಾಚಿಕೆ ಆಯ್ತು ಮೇಡಂ” ಅಂದ. ಮರುದಿನ ಮೂರೂವರೆಗೆ ಲೈಬ್ರರಿಗೆ ಬಾ ಎಂದೆ. ಅವನು ಲ್ಯಾಪ್‌ಟಾಪ್ ತೆರೆದು ಒಂದು ಬದಿ ಕೂತ. ಎದುರು ಕೂತು ನಾನು ಹದಿನೈದು ದಿನದಿಂದ ಮುಟ್ಟದಿದ್ದ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೆ.