ಕುತ್ತಿಗೆಯ ಗಂಟು ಮತ್ತು ತಡೆಹಿಡಿದ ಚೀಟಿ

ಕುತ್ತಿಗೆಯಲ್ಲೊಂದು ಸಣ್ಣ ಗಂಟು. ನೋವಿಲ್ಲ, ಜ್ವರವಿಲ್ಲ. ಮೇಲೆ ಸೆರಗೋ ದುಪ್ಪಟ್ಟಾವೋ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗೆಯೇ ವರ್ಷಗಳನ್ನು ಕಳೆದುಬಿಡುವ ಸಹೋದರಿಯರಿದ್ದಾರೆ. ಇಂತಹ ಗಂಟುಗಳಲ್ಲಿ 100ಕ್ಕೆ 90ರಷ್ಟು ಕ್ಯಾನ್ಸರ್ ಅಲ್ಲ, ಗಾಬರಿ ಬೇಡ. ಆದರೆ ಥೈರಾಯ್ಡ್ ಕ್ಯಾನ್ಸರ್ ಪುರುಷರಿಗಿಂತ ಸ್ತ್ರೀಯರಲ್ಲಿ ಸುಮಾರು 3 ಪಟ್ಟು ಹೆಚ್ಚು ಎಂಬುದನ್ನು ಮರೆಯುವಂತಿಲ್ಲ.

ಆ ಗಡ್ಡೆ ಬೆಳೆಯುವುದಾದರೂ ಹೇಗೆ? ನಾನು ಓದಿದ್ದು ಬಿ.ಎ., ವಿಜ್ಞಾನವಲ್ಲ. ನನಗೆ ಅರ್ಥವಾದಂತೆ ಹೇಳುತ್ತೇನೆ.

ಜೀವಕೋಶದಲ್ಲಿರುವ ಡಿಎನ್‌ಎ ಒಂದು ದೊಡ್ಡ ಅಡುಗೆ ಪುಸ್ತಕವೆಂದುಕೊಳ್ಳಿ. ಅದರಿಂದ ಬರೆದುಕೊಂಡ ಚೀಟಿಯೇ ಆರ್‌ಎನ್‌ಎ. ಚೀಟಿ ನೋಡಿ ತಯಾರಾಗುವ ಅಡುಗೆಯೇ ಪ್ರೋಟೀನ್. ವಿಚಿತ್ರವೆಂದರೆ, ಆ ಪುಸ್ತಕದಲ್ಲಿ ಪ್ರೋಟೀನಿನ ಪಾಕವಿಧಾನಕ್ಕೆ ಮೀಸಲಾದದ್ದು 100ರಲ್ಲಿ 2 ಪಾಲು ಮಾತ್ರ. ಉಳಿದುದನ್ನು ಬಹುಕಾಲ 'ಕಸ'ವೆಂದೇ ಕರೆದರು. ಆದರೆ ಅಲ್ಲಿಂದಲೂ ಚೀಟಿಗಳು ಹೊರಡುತ್ತವೆ. ಅವುಗಳಿಂದ ಅಡುಗೆಯಾಗುವುದಿಲ್ಲ, ಅವುಗಳಲ್ಲಿ ಕೆಲವು ಬೇರೆ ಚೀಟಿಗಳನ್ನು ತಡೆಹಿಡಿಯುತ್ತವೆ. ಮೈಕ್ರೋ ಆರ್‌ಎನ್‌ಎ ಎಂಬ ಇಂತಹ ಪುಟ್ಟ ಚೀಟಿಯನ್ನು 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಒಂದು ಹುಳುವಿನಲ್ಲಿ ಕಂಡಾಗ, ಅದು ಹುಳುವಿನ ವಿಷಯವೆಂದು ಜಗತ್ತು ಸುಮ್ಮನಾಯಿತು. 2024ರಲ್ಲಿ ಅದಕ್ಕೇ ನೊಬೆಲ್ ಬಂತು!

2005ರಲ್ಲಿ ಅಮೆರಿಕದ ಒಹಾಯೊದ ಸಂಶೋಧಕರು, ಥೈರಾಯ್ಡ್ ಕ್ಯಾನ್ಸರಿನಲ್ಲಿ ಅತಿ ಸಾಮಾನ್ಯವಾದ ಪ್ಯಾಪಿಲರಿ ಗಡ್ಡೆಯನ್ನೂ ಅದೇ ರೋಗಿಯ ಆರೋಗ್ಯವಂತ ಭಾಗವನ್ನೂ ಹೋಲಿಸಿ ನೋಡಿದರು. 146, 221, 222 ಎಂಬ ಸಂಖ್ಯೆಯ ಮೈಕ್ರೋ ಆರ್‌ಎನ್‌ಎಗಳು ಗಡ್ಡೆಯಲ್ಲಿ ಹಲವು ಪಟ್ಟು ಏರಿದ್ದವು. ಕೋಶ ಬೇಕಾಬಿಟ್ಟಿ ಒಡೆದು ಹೆಚ್ಚದಂತೆ ತಡೆಯುವ ಪಿ27 ಎಂಬ ಪ್ರೋಟೀನ್ ಒಂದಿದೆ, ಬ್ರೇಕ್ ಇದ್ದ ಹಾಗೆ. 221 ಮತ್ತು 222 ಅದರ ಚೀಟಿಗೇ ಅಂಟಿಕೊಳ್ಳುತ್ತವೆ. ಪುಸ್ತಕದಲ್ಲಿ ವಿಧಾನ ಸರಿಯಾಗಿಯೇ ಇದೆ, ಪಾತ್ರೆ ಮಾತ್ರ ಒಲೆಗೇರುವುದಿಲ್ಲ. ಬ್ರೇಕ್ ತಗ್ಗಿದ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಗಡ್ಡೆ ಬೆಳೆಯುತ್ತದೆ.

ಇದರಿಂದ ನಮಗೇನು ಪ್ರಯೋಜನ? ಗಂಟಿಗೆ ಸೂಜಿ ಹಾಕಿ ಕೋಶ ತೆಗೆದು ಪರೀಕ್ಷಿಸಿದಾಗ ಕೆಲವೊಮ್ಮೆ ಉತ್ತರ ಸ್ಪಷ್ಟವಾಗುವುದಿಲ್ಲ. ಆಗ ತಿಳಿಯುವುದಕ್ಕಾಗಿಯೇ ಅರ್ಧ ಥೈರಾಯ್ಡನ್ನು ಕೊಯ್ದು ತೆಗೆಯಬೇಕಾಗುತ್ತಿತ್ತು. ಎಷ್ಟೋ ಸಲ ಅಲ್ಲಿ ಕ್ಯಾನ್ಸರೇ ಇರುತ್ತಿರಲಿಲ್ಲ. ಅಮೆರಿಕದಲ್ಲಿ ಈಗ ಅದೇ ಸೂಜಿಯ ಕೋಶಗಳಲ್ಲಿ ಈ ಮೈಕ್ರೋ ಆರ್‌ಎನ್‌ಎಗಳನ್ನು ಅಳೆದು ಕೆಲವರ ಶಸ್ತ್ರಚಿಕಿತ್ಸೆ ತಪ್ಪಿಸುತ್ತಾರೆ. ದುಬಾರಿ ಪರೀಕ್ಷೆ ಅದು. ನಮಗೆ ಸುಲಭವಾಗಿ ಸಿಗುವುದು ಸ್ಕ್ಯಾನಿಂಗ್ ಮತ್ತು ಸೂಜಿ ಪರೀಕ್ಷೆ.

ಕನ್ನಡಿಯ ಮುಂದೆ ನಿಂತು, ಕತ್ತು ತುಸು ಮೇಲೆತ್ತಿ ಒಂದು ಗುಟುಕು ನೀರು ನುಂಗಿ. ನುಂಗುವಾಗ ಗಂಟೊಂದು ಮೇಲೆ ಸರಿದು ಇಳಿದರೆ ವೈದ್ಯರಿಗೆ ತೋರಿಸಿ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂದು ಹೆದರಿಸುವವರು ಮನೆಯಲ್ಲೇ ಸಿಗುತ್ತಾರೆ. ಥೈರಾಯ್ಡಿನ ವಿಷಯದಲ್ಲಿ ಅದು ತೀರಾ ಅಪರೂಪ.