ಇಂಗ್ಲಿಷ್ ಮಾತಿಗೆ ನಮ್ಮ ನೆಲವೇ ಪಠ್ಯವಾಗಲಿ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ವ್ಯವಸ್ಥೆ 2007-08ರಲ್ಲಿ ಜಾರಿಗೆ ಬಂತು. ಆ ವರ್ಷ ಶಾಲೆಗೆ ಸೇರಿದ ಮಕ್ಕಳು 2017ರಲ್ಲಿ ಹತ್ತನೇ ತರಗತಿ ಮುಗಿಸಿದರು; ಇಂದು ಅವರು ಉದ್ಯೋಗ ಅರಸುವ ವಯಸ್ಸಿನವರು. ಹತ್ತು ವರ್ಷ ಪಾಠ ಕೇಳಿಯೂ ಸಂದರ್ಶನದಲ್ಲಿ ಹೆಸರು, ಊರು, ಓದು ಹೇಳಿದ ಮೇಲೆ ತಡವರಿಸುವವರು ಅವರಲ್ಲಿ ಅನೇಕರಿದ್ದಾರೆ. ಇದಕ್ಕೆ ವ್ಯಾಕರಣದ ಕೊರತೆಯೊಂದೇ ಕಾರಣವಲ್ಲ. ಆ ಭಾಷೆಯಲ್ಲಿ ಆಡಲು ಅವರಿಗೆ ವಿಷಯವನ್ನೇ ಕೊಟ್ಟಿಲ್ಲ.

ವಿಜಯಪುರದಂತಹ ನಗರಗಳ ಖಾಸಗಿ ತರಗತಿಗಳಲ್ಲೂ ಬಹುಪಾಲು ಕಂಠಪಾಠದ ಸ್ವಪರಿಚಯವೇ ನಡೆಯುತ್ತದೆ. ಈಗ ಯುವಜನರು ಮೊಬೈಲಿನಲ್ಲಿ ಚಿಕ್ಕ ಗುಂಪುಗಳಾಗಿ ಸೇರಿ ಇಂಗ್ಲಿಷಿನಲ್ಲಿ ಚರ್ಚಿಸುವುದು ಸಾಧ್ಯವಾಗಿದೆ. ಈ ಚರ್ಚೆಗೆ ಇತಿಹಾಸ, ಭೂಗೋಳ ಹಾಗೂ ಪ್ರಚಲಿತ ವಿದ್ಯಮಾನಗಳನ್ನು ಆರಿಸಿಕೊಳ್ಳುವುದು ವಿವೇಕದ ಕೆಲಸ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಈ ವಿಷಯಗಳು ಈಗಾಗಲೇ ತಿಳಿದಿರುತ್ತವೆ. ತಿಳಿದದ್ದನ್ನು ಹೊಸ ಭಾಷೆಯಲ್ಲಿ ಹೇಳುವಾಗ ಒಂದೇ ಹೊರೆ. ತಿಳಿಯದ್ದನ್ನು ಹೇಳುವಾಗ ಎರಡು.

ಉದಾಹರಣೆಗೆ ವಿಜಯಪುರದಿಂದ ತಿಕೋಟಾ ಕಡೆಗೆ ಹೋಗುವಾಗ ಸಿಗುವ ತೊರವಿಯನ್ನು ನೋಡಿ. ಕುಮಾರ ವಾಲ್ಮೀಕಿಯ ರಾಮಾಯಣದ ಹೆಸರಿನೊಡನೆ ಬೆಸೆದ ಊರು ಅದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನೌರಸಪುರವೆಂಬ ಹೊಸ ನಗರಕ್ಕೆ ಅಡಿಪಾಯ ಹಾಕಿದ್ದೂ ಅಲ್ಲಿಯೇ. 1624ರಲ್ಲಿ ಮಲಿಕ್ ಅಂಬರ್ ಅದನ್ನು ಹಾಳುಗೆಡವಿದ. ಆದಿಲ್‌ಶಾಹಿ ಕಾಲದಲ್ಲಿ ತೊರವಿಯ ನೀರು ನೆಲದಡಿಯ ಕಾಲುವೆಗಳ ಮೂಲಕ ರಾಜಧಾನಿಗೆ ಹರಿಯುತ್ತಿತ್ತು. ಮಳೆ ಕಡಿಮೆಯಾದ ಈ ನೆಲದಲ್ಲಿ ಅಷ್ಟು ದೊಡ್ಡ ನಗರ ಬೆಳೆದದ್ದು ಹೇಗೆ ಎಂಬ ಒಂದೇ ಪ್ರಶ್ನೆ ಇತಿಹಾಸವನ್ನೂ ಭೂಗೋಳವನ್ನೂ ಒಟ್ಟಿಗೆ ತರುತ್ತದೆ. ತಿಕೋಟಾದ ದ್ರಾಕ್ಷಿ ಬೆಳೆಗಾರನ ಮಗಳು ದ್ರಾಕ್ಷಿ ಮಣೂಕವಾಗುವ ಬಗೆಯನ್ನೂ, ಅದು ಸಾಂಗ್ಲಿ, ತಾಸಗಾಂವದ ಮಾರುಕಟ್ಟೆಗೆ ಹೋಗುವ ಕಾರಣವನ್ನೂ ವಿವರಿಸಬಲ್ಲಳು. ಆಕೆಗೆ ಬೇಕಿರುವುದು ಕೇಳುವವರು ಮಾತ್ರ.

ಪ್ರಚಲಿತ ವಿದ್ಯಮಾನಕ್ಕೂ ಇಲ್ಲಿ ಬರವಿಲ್ಲ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಅವಕಾಶ ನೀಡಿತು. ಬಬಲೇಶ್ವರದ ರೈತನ ಹೊಲಕ್ಕೆ ಸಂಬಂಧಿಸಿದ ಈ ವ್ಯಾಜ್ಯದ ವಾದವೂ ತೀರ್ಪೂ ಇಂಗ್ಲಿಷಿನಲ್ಲಿವೆ. ಆಡಳಿತದ ಅನುಭವ ಹೇಳುವುದೂ ಇದನ್ನೇ: ಜಿಲ್ಲೆಯ ಕಡತ ಕನ್ನಡದಲ್ಲಿ ನಡೆದರೂ ದೆಹಲಿಗೆ ಹೋಗುವ ಕಾಗದ ಇಂಗ್ಲಿಷಿನಲ್ಲಿ ಹೋಗುತ್ತದೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಹಿಂದಿ, ಇಂಗ್ಲಿಷಿನಲ್ಲಷ್ಟೇ ಇರುತ್ತದೆ. ಇದು ನ್ಯಾಯವೇ ಎಂದು ಕೇಳಲೇಬೇಕು. ಆದರೆ ಉತ್ತರ ಬರುವ ತನಕ ನಮ್ಮ ಮಕ್ಕಳನ್ನು ಬಾಗಿಲ ಹೊರಗೆ ನಿಲ್ಲಿಸುವುದು ಸರಿಯಲ್ಲ.

ಈ ವಿಧಾನಕ್ಕೆ ಎರಡು ಆಕ್ಷೇಪಗಳುಂಟು. ಗುರುವಿಲ್ಲದ ಗುಂಪಿನಲ್ಲಿ ತಪ್ಪು ಭಾಷೆಯೇ ರೂಢಿಯಾಗಬಹುದು ಎಂಬುದು ಒಂದು. ಚರ್ಚೆ ಜಗಳಕ್ಕೆ ತಿರುಗಿ ವದಂತಿಯೇ ಇತಿಹಾಸವಾಗಬಹುದು ಎಂಬುದು ಇನ್ನೊಂದು. ಆದಿಲ್‌ಶಾಹಿಗಳ ವಿಷಯದಲ್ಲಂತೂ ಈ ಎರಡನೆಯ ಅಪಾಯ ಸಣ್ಣದಲ್ಲ. ಎರಡಕ್ಕೂ ಪರಿಹಾರ ಶಿಸ್ತಿನಲ್ಲಿದೆ. ಗುಂಪಿನಲ್ಲಿ ಆರೇಳು ಜನರಿಗಿಂತ ಹೆಚ್ಚು ಬೇಡ. ಒಂದೇ ಸುದ್ದಿಯನ್ನು ಕನ್ನಡ ಪತ್ರಿಕೆಯಲ್ಲೂ ಇಂಗ್ಲಿಷ್ ಪತ್ರಿಕೆಯಲ್ಲೂ ಓದಿ ಬರಬೇಕು. ಇಸವಿಯನ್ನೋ ಅಂಕಿಯನ್ನೋ ಹೇಳುವವರು ಅದರ ಆಧಾರವನ್ನೂ ಹೇಳಬೇಕು. ಕೊನೆಗೆ ಹತ್ತು ಸಾಲು ಬರೆದು, ವಾರಕ್ಕೊಮ್ಮೆ ಬಲ್ಲವರೊಬ್ಬರಿಂದ ತಿದ್ದಿಸಿಕೊಳ್ಳಬೇಕು. ನಿವೃತ್ತ ಅಧ್ಯಾಪಕರು ಪ್ರತಿ ಊರಲ್ಲೂ ಇದ್ದಾರೆ. ಕೇಳಿದರೆ ಇಲ್ಲವೆನ್ನುವವರು ವಿರಳ.

ಎಲ್ಲಕ್ಕಿಂತ ಮುಖ್ಯವಾದದ್ದು ಅವಕಾಶದ ಪ್ರಶ್ನೆ. ಸಂಜೆಯ ತರಗತಿಗೆಂದು ಬಬಲೇಶ್ವರದ ಹುಡುಗಿ ನಿತ್ಯ ವಿಜಯಪುರಕ್ಕೆ ಹೋಗಿ ಬರಲಾರಳು. ಅಂತರ್ಜಾಲ ಆ ದಾರಿಯನ್ನು ಅಳಿಸುತ್ತದೆ ನಿಜ. ಆದರೆ ಮನೆಯಲ್ಲಿರುವ ಒಂದೇ ಮೊಬೈಲು ತಂದೆಯ ಅಥವಾ ಅಣ್ಣನ ಕೈಯಲ್ಲಿದ್ದರೆ ಆ ಸೌಲಭ್ಯವೂ ಅವಳ ಪಾಲಿಗಿಲ್ಲ. ಅರಿವು ಕೇಂದ್ರಗಳೆಂದು ಕರೆಯಲಾಗುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಂಜೆ ಒಂದು ಗಂಟೆ ಕಂಪ್ಯೂಟರನ್ನು ಇಂತಹ ಗುಂಪುಗಳಿಗೆ ಮೀಸಲಿಡಲಿ. ಅದರಲ್ಲಿ ವಾರದ ಅರ್ಧ ದಿನಗಳು ಹೆಣ್ಣುಮಕ್ಕಳಿಗೇ ಇರಲಿ. ಇದಕ್ಕೆ ಹೊಸ ಯೋಜನೆಯಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ.

ಇಂಗ್ಲಿಷ್ ಕಲಿತರೆ ಕನ್ನಡ ಸೊರಗುತ್ತದೆಂಬ ಭಯಕ್ಕೆ ಇಲ್ಲಿ ಆಸ್ಪದವಿಲ್ಲ. ತೊರವಿಯ ಬಗ್ಗೆ ಇಂಗ್ಲಿಷಿನಲ್ಲಿ ಐದು ನಿಮಿಷ ಮಾತನಾಡಬೇಕಾದವರು ಮೊದಲು ಅದನ್ನು ಕನ್ನಡದಲ್ಲಿ ಸರಿಯಾಗಿ ಓದಿರಬೇಕಾಗುತ್ತದೆ.